ಪಾತ್ರೆ ಬೇರೆ, ನೀರೊಂದೆ

ಬರೆದ ಮಾತು ಓದುವವನ ಕಣ್ಣಿಗೆ ಮುಟ್ಟಿದಾಗಲೇ ಬರೆಹದ ಕೆಲಸವು ಪೂರ್ತಿಯಾಗುವುದು. ಬರೆದವನು ಎಷ್ಟೇ ಶ್ರಮಪಟ್ಟಿರಲಿ, ಓಲೆಯು ತಲಪದೆ ಹೋದರೆ ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತೆಯೇ ಸರಿ. ಹಿಂದಿನ ಕಾಲದಲ್ಲಿ ಓಲೆಯು ತಲಪದಿರುವುದಕ್ಕೆ ವಿಳಾಸದ ತಪ್ಪೋ, ಮಳೆಗಾಲದ ಹೊಳೆಯೋ ಕಾರಣವಾಗುತ್ತಿದ್ದಿತು. ಈಗ ಬೇರೊಂದು ಕಾರಣವು ಹುಟ್ಟಿಕೊಂಡಿದೆ. ಬರೆಹವು ಕ್ಷಣಮಾತ್ರದಲ್ಲಿ ತಲಪುತ್ತದೆ. ಆದರೆ ತಲಪಿದ ಮೇಲೆ ತೆರೆಯುವುದಿಲ್ಲ. ತೆರೆದರೂ ಅಕ್ಷರಗಳು ಅಕ್ಷರಗಳಾಗಿ ಕಾಣುವುದಿಲ್ಲ. ವಿದ್ಯಾರ್ಥಿಮಿತ್ರರೆ, ಈ ತೊಡಕಿನ ಒಂದು ಸಣ್ಣ ಉದಾಹರಣೆಯನ್ನು ಕುರಿತು ನಾಲ್ಕು ಮಾತು ಬರೆಯುವುದು ನಮ್ಮ ಉದ್ದೇಶ. ಚಲನಚಿತ್ರದ ಅಡಿಬರಹದ ಕಡತವನ್ನು ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತರುವ ಕೆಲಸವೇ ಆ ಉದಾಹರಣೆ.

ಅಡಿಬರಹವೆಂದರೇನು? ಚಿತ್ರದ ಕೆಳಭಾಗದಲ್ಲಿ, ಆಡುವ ಮಾತಿಗೆ ಸರಿಯಾಗಿ ಮೂಡಿ ಮರೆಯಾಗುವ ಅಕ್ಷರಗಳ ಸಾಲು. ನೀವೆಲ್ಲ ಸಬ್‌ಟೈಟಲ್ ಎಂದು ಕರೆಯುವುದು ಇದನ್ನೇ. 1913ರಲ್ಲಿ ದಾದಾಸಾಹೇಬ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ವು ತೆರೆಗೆ ಬಂದಾಗ ಚಿತ್ರಕ್ಕೆ ಬಾಯಿಯಿರಲಿಲ್ಲ, ದೃಶ್ಯಗಳ ನಡುನಡುವೆ ಬರೆಹದ ಫಲಕಗಳನ್ನು ತೋರಿಸಿ ಕಥೆಯನ್ನು ತಿಳಿಯಪಡಿಸುತ್ತಿದ್ದರು. 1934ರಲ್ಲಿ ‘ಸತಿ ಸುಲೋಚನಾ’ದೊಂದಿಗೆ ಕನ್ನಡ ಚಿತ್ರವು ಮಾತನಾಡತೊಡಗಿತು. ಆದರೆ ಮಾತು ಬಂದ ಮೇಲೆ ಬರೆಹವು ಬೇಡವಾಯಿತೆಂದು ತಿಳಿಯಬಾರದು. ಭಾಷೆಯನ್ನರಿಯದವನಿಗೂ ಕಿವಿ ಮಂದವಾದವನಿಗೂ ಇಂದಿಗೂ ಬರೆಹವೇ ದಾರಿ. ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವು 1977ರಲ್ಲಿ ತಯಾರಾದುದು. ಅದೇ ಚಿತ್ರದ ಜೀರ್ಣೋದ್ಧಾರಗೊಂಡ ಪ್ರತಿಯನ್ನು 2024ರಲ್ಲಿ ಇಟಲಿಯ ವೆನಿಸ್ ಉತ್ಸವದಲ್ಲಿ ತೋರಿಸಿದರು. ಮಲೆನಾಡಿನ ಅಗ್ರಹಾರದ ಮಾತು ಆ ದೂರದೇಶದ ಪ್ರೇಕ್ಷಕರಿಗೆ ಅರ್ಥವಾಗಬೇಕಾದರೆ ಅಡಿಬರಹವಲ್ಲದೆ ಬೇರೆ ಉಪಾಯವೆಲ್ಲಿ?

ಇನ್ನು ನಮ್ಮ ಶಾಲೆಯ ವಿಷಯಕ್ಕೆ ಬರೋಣ. ಕಳೆದ ವರ್ಷ ಏಳನೆಯ ತರಗತಿಯವರು ಕೈಫೋನಿನಲ್ಲಿಯೇ ಹದಿನೆಂಟು ನಿಮಿಷಗಳ ಒಂದು ಚಿತ್ರವನ್ನು ತೆಗೆದರು. ಅದಕ್ಕೆ ‘ಪವನೆಯಿಂದ ಭೀಮೆಗೆ’ ಎಂದು ಹೆಸರಿಟ್ಟರು. ನಮ್ಮ ಪಿಂಪ್ರಿ-ಚಿಂಚವಾಡದ ನಡುವೆ ಹರಿಯುವ ಪವನಾ ನದಿಯು ದಾಪೋಡಿಯ ಬಳಿ ಮುಳಾ ನದಿಯನ್ನು ಸೇರುವುದು. ಮುಳೆಯು ಪುಣೆಯಲ್ಲಿ ಮುಠೆಯನ್ನು ಕೂಡಿಕೊಂಡು ಮುಂದೆ ಭೀಮಾನದಿಯಲ್ಲಿ ಬೆರೆಯುವುದು. ಭೀಮೆಯು ಉಜನಿ ಜಲಾಶಯವನ್ನು ದಾಟಿ, ಪಂಢರಪುರದಲ್ಲಿ ಚಂದ್ರಭಾಗೆಯೆನಿಸಿಕೊಂಡು, ಕನ್ನಡ ನಾಡಿನಲ್ಲಿ ಗಾಣಗಾಪುರದ ಕಡೆಯಿಂದ ಹಾದು, ಕೊನೆಗೆ ರಾಯಚೂರಿನ ಸೀಮೆಯಲ್ಲಿ ಕೃಷ್ಣೆಯೊಡನೆ ಒಂದಾಗುವುದು. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಯವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕೆಲಸವನ್ನರಸಿ ಇಲ್ಲಿಗೆ ಬಂದವರು. ತಾವು ಈಗ ಇರುವ ಊರಿನ ನೀರೇ ತಮ್ಮ ಹಿರಿಯರ ಊರಿಗೆ ಹರಿದುಹೋಗುವುದೆಂದು ಭೂಪಟದಲ್ಲಿ ಕಂಡ ದಿನ ಅವರಿಗೆ ಚಿತ್ರದ ಕಲ್ಪನೆಯು ಹೊಳೆಯಿತು. ಇಲ್ಲಿಯ ಭಾಗವನ್ನು ಪವನೆಯ ಘಾಟಿನಲ್ಲಿ ತೆಗೆದರು. ಅಲ್ಲಿಯ ಭಾಗವನ್ನು ರಜೆಗೆ ಊರಿಗೆ ಹೋದವರು ಭೀಮೆಯ ದಡದಲ್ಲಿ, ಅಜ್ಜಿಯರ ಬಾಯಿಂದ ಹಳೆಯ ಪ್ರವಾಹದ ಕಥೆಗಳನ್ನು ಹೇಳಿಸಿ ತೆಗೆದುಕೊಂಡು ಬಂದರು.

ಚಿತ್ರಕ್ಕೆ ಅಡಿಬರಹವು ಬೇಕೆಂಬುದಕ್ಕೆ ಕಾರಣಗಳು ಹಲವಿದ್ದವು. ಹೊಳೆಯ ಗಾಳಿಯಲ್ಲಿ ಅಜ್ಜಿಯರ ಮಾತು ಅರ್ಧ ಕೇಳಿಸುತ್ತಿರಲಿಲ್ಲ. ನೆರೆಹೊರೆಯ ಮರಾಠಿ ಬಂಧುಗಳಿಗೂ ತೋರಿಸಬೇಕೆಂಬ ಹಂಬಲವಿದ್ದಿತು. ಇವೆಲ್ಲಕ್ಕೂ ಮಿಗಿಲಾಗಿ, ಚಿತ್ರದಲ್ಲಿ ಕಥೆಯನ್ನು ನಿರೂಪಿಸಿದ ಬಾಲಕಿಯ ತಂದೆಯವರ ಸಂಗತಿ. ಅವರು ಭೋಸರಿಯ ಕಡೆ ಒಂದು ಕಾರಖಾನೆಯ ಪ್ರೆಸ್ ಶಾಪಿನಲ್ಲಿ ಹದಿನಾರು ವರ್ಷಗಳಿಂದ ದುಡಿಯುತ್ತಿರುವವರು. ತಗಡನ್ನು ಒತ್ತುವ ಯಂತ್ರಗಳ ಸದ್ದಿಗೆ ಅವರ ಕಿವಿಗಳು ಬರಬರುತ್ತ ಮಂದವಾಗಿ, ಈಗ ಎದುರಿಗೆ ಕೂತು ಗಟ್ಟಿಯಾಗಿ ಹೇಳಿದರೂ ಪೂರ್ತಿ ಕೇಳಿಸದ ಸ್ಥಿತಿಗೆ ಬಂದಿವೆ. ಊರಿನ ಶಾಲೆಯಲ್ಲಿ ನಾಲ್ಕನೆಯ ತರಗತಿಯವರೆಗೆ ಕನ್ನಡ ಓದಿದವರು. ನಿಧಾನವಾಗಿ ಕೂಡಿಸಿಕೊಂಡು ಓದಬಲ್ಲರು. ಮಗಳು ಹದಿನೆಂಟು ನಿಮಿಷ ಏನು ಹೇಳಿದಳೆಂಬುದನ್ನು ಅವರು ತಿಳಿಯಬೇಕಾದರೆ ಕನ್ನಡದ ಅಕ್ಷರಗಳು ಅವರ ಮನೆಯ ಟಿವಿಯ ಮೇಲೆ ಮೂಡಲೇಬೇಕಾಗಿದ್ದಿತು. ಆದುದರಿಂದ ಮುಂದೆ ಹೇಳುವ ಯಂತ್ರದ ವಿಚಾರವೆಲ್ಲವೂ ಬರಿಯ ಯಂತ್ರದ ವಿಚಾರವಲ್ಲವೆಂಬುದನ್ನು ನೀವು ನೆನಪಿನಲ್ಲಿಡಬೇಕು.

ಮಕ್ಕಳು ಚಿತ್ರದ ಮಾತುಗಳನ್ನೂ, ಯಾವ ಮಾತು ಯಾವ ಕ್ಷಣದಲ್ಲಿ ಬರುವುದೆಂಬುದನ್ನೂ ನೋಟುಬುಕ್ಕಿನಲ್ಲಿ ಅಂದವಾಗಿ ಬರೆದರು. ಬೆರಳಚ್ಚಿನ ಅಭ್ಯಾಸ ಅವರಿಗೆ ಇನ್ನೂ ಇರಲಿಲ್ಲವಾಗಿ, ಒಬ್ಬ ವಿದ್ಯಾರ್ಥಿಯ ಸೋದರಮಾವಂದಿರು ಊರ ಕಡೆಯ ಒಂದು ಅಂಗಡಿಯಲ್ಲಿ ಅದನ್ನು ಬೆರಳಚ್ಚು ಮಾಡಿಸಿ ಕಳುಹಿಸಿದರು. ಕಡತವನ್ನು ಚಿತ್ರದೊಂದಿಗೆ ಕೂಡಿಸಿ ನೋಡಿದಾಗ ತೆರೆಯ ಮೇಲೆ ಕನ್ನಡದ ಸುಳಿವೇ ಇಲ್ಲ! ಇಂಗ್ಲಿಷಿನ ಬಿಡಿ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟುಗಳು, ನಡುನಡುವೆ ಆಂಗ್ಲರ ಪೌಂಡ್ ನಾಣ್ಯದ ಚಿಹ್ನೆ. ಮಕ್ಕಳು ಕಡತವೇ ಕೆಟ್ಟುಹೋಯಿತೆಂದು ಮುಖ ಸಣ್ಣದು ಮಾಡಿಕೊಂಡರು. ಕಡತವು ಕೆಟ್ಟಿರಲಿಲ್ಲ, ಅದು ಹಳೆಯ ಪದ್ಧತಿಯ ಅಕ್ಷರದಲ್ಲಿದ್ದಿತು, ಅಷ್ಟೆ.

ಇದರ ಗುಟ್ಟನ್ನು ತಿಳಿಯೋಣ. ಗಣಕಯಂತ್ರಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಬಲ್ಲುದು ಸಂಖ್ಯೆಯೊಂದನ್ನೇ. ಯಾವ ಸಂಖ್ಯೆಗೆ ಯಾವ ಅಕ್ಷರವೆಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡಕ್ಕೆ ತನ್ನದೇ ಆದ ಸಂಖ್ಯೆಗಳಿರಲಿಲ್ಲ. ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮನೆಯಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ಬಾಡಿಗೆಗಿರಿಸಿದ್ದರು. ಆ ಪದ್ಧತಿಯಲ್ಲಿ ‘ಕನ್ನಡ’ ಎಂಬ ಮೂರಕ್ಷರದ ಶಬ್ದಕ್ಕೆ ಏಳು ಚಿಹ್ನೆಗಳು ಬೇಕು. ಪೌಂಡಿನ ಚಿಹ್ನೆಯು ತಲೆಕಟ್ಟನ್ನು ಸೇರಿಸಿಕೊಂಡು ‘ನ’ಕಾರವಾಗುವುದು. ಅದೇ ಅಕ್ಷರವಿನ್ಯಾಸವಿರುವ ಯಂತ್ರದಲ್ಲಿ ಅದು ಅಂದವಾದ ಕನ್ನಡ. ಇಲ್ಲದ ಯಂತ್ರದಲ್ಲಿ ಬರಿಯ ಗೊಜ್ಜು. ಮನೆಯ ಟಿವಿಗೆ, ಕೈಫೋನಿಗೆ ಆ ಒಪ್ಪಂದವು ತಿಳಿಯದು.

ಈ ಗೊಂದಲವನ್ನು ತೀರಿಸುವ ಯತ್ನದಲ್ಲಿ ನಮ್ಮ ಪುಣೆಯ ಪಾಲು ಸಣ್ಣದಲ್ಲ. 1988ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯು ಭಾರತೀಯ ಭಾಷೆಗಳ ಗಣಕೀಕರಣದಲ್ಲಿ ಬಹಳ ಕೆಲಸ ಮಾಡಿತು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆಯು ಇಸ್ಕಿ ಎಂಬ ಸಂಕೇತಪದ್ಧತಿಯನ್ನು ಅಂಗೀಕರಿಸಿತು. ಅದರಲ್ಲಿ ದೇವನಾಗರಿಯ ಕಕಾರಕ್ಕೂ ಕನ್ನಡದ ಕಕಾರಕ್ಕೂ ಒಂದೇ ಸಂಖ್ಯೆ. ಲಿಪಿಯನ್ನು ಬದಲಾಯಿಸಿದರೆ ಅದೇ ಕಡತವು ಬೇರೆ ಲಿಪಿಯಲ್ಲಿ ಕಾಣುವುದು. ಅದೇ ವರ್ಷ ಹೊರಬಂದ ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಪ್ರತಿಯೊಂದು ಲಿಪಿಗೂ ಬೇರೆಯ ಕೇರಿಯನ್ನು ಕೊಟ್ಟರು. ಆದರೆ ಇಸ್ಕಿಯ ವರಸೆಯನ್ನೇ ಬಹುಮಟ್ಟಿಗೆ ಉಳಿಸಿಕೊಂಡರು. ದೇವನಾಗರಿಯ ಕಕಾರದ ಸಂಖ್ಯೆ 2325. ಕನ್ನಡದ ಕಕಾರದ ಸಂಖ್ಯೆ 3221. ಕಳೆದು ನೋಡಿರಿ: 896. ಖಕಾರಕ್ಕೂ ಗಕಾರಕ್ಕೂ ಇದೇ ಅಂತರ. ಮರಾಠಿ ಫಲಕಗಳನ್ನು ದಿನವೂ ಓದುವ ನಿಮಗೆ ಎರಡು ಲಿಪಿಗಳೂ ಒಂದೇ ತಾಯಿಯ ಮಕ್ಕಳೆಂಬುದು ಗೊತ್ತು. ಆ ಸಂಬಂಧವು ಸಂಖ್ಯೆಯಲ್ಲಿಯೂ ಉಳಿದಿರುವುದನ್ನು ನೋಡಿ ಸಂತೋಷಪಡಬಹುದು.

ಹಳೆಯ ಅಕ್ಷರವನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಹಲವಿವೆ. ಕ್ಷಣದಲ್ಲಿ ಕೆಲಸ ಮುಗಿಸುತ್ತವೆ. ಆದರೆ ಯಂತ್ರವು ಮಾಡಿದುದನ್ನು ಮನುಷ್ಯನು ಓದಿ ನೋಡಬೇಕು. ನಮ್ಮ ಕನ್ನಡದ ಅರ್ಕಾವೊತ್ತನ್ನೇ ತೆಗೆದುಕೊಳ್ಳಿರಿ. ಉಚ್ಚಾರದಲ್ಲಿ ರೇಫವು ಮೊದಲು ಬರುವುದು; ಬರವಣಿಗೆಯಲ್ಲಿ ಅದರ ಗುರುತು ಅಕ್ಷರದ ನಂತರ ಬೀಳುವುದು. ಹಳೆಯ ಪದ್ಧತಿಯು ಕಣ್ಣಿಗೆ ಕಂಡ ವರಸೆಯನ್ನು ಅನುಸರಿಸಿತು. ಯುನಿಕೋಡ್ ಉಚ್ಚಾರದ ವರಸೆಯನ್ನು ಅನುಸರಿಸುವುದು. ಪರಿವರ್ತಕವು ಈ ಹಿಂದುಮುಂದನ್ನು ಸರಿಪಡಿಸದಿದ್ದರೆ ‘ಧರ್ಮ’ವು ‘ಧಮರ್’ ಎಂದಾಗಿ ನಿಲ್ಲುವುದು! ನಮ್ಮ ಕಡತದಲ್ಲಿ ಇಂತಹವು ಒಂಬತ್ತು ಸಿಕ್ಕಿದವು. ಇನ್ನೊಂದು ವಿನೋದ: ಪರಿವರ್ತಕವು ಕಾಲವನ್ನು ಸೂಚಿಸುವ ಸಾಲುಗಳಲ್ಲಿದ್ದ ಅಂಕಿಗಳನ್ನೂ ಕನ್ನಡದ ಅಂಕಿಗಳನ್ನಾಗಿ ಮಾಡಿಬಿಟ್ಟಿದ್ದಿತು. ಕನ್ನಡದ ಅಂಕಿಗಳ ಮೇಲೆ ನಮಗಿರುವ ಪ್ರೀತಿಯು ಕಡಮೆಯದಲ್ಲ. ಆದರೆ ಆ ಸಾಲನ್ನು ಓದುವವನು ಪ್ರೇಕ್ಷಕನಲ್ಲ, ಯಂತ್ರ. ಅದಕ್ಕೆ ಅದರ ಅಂಕಿಗಳನ್ನೇ ಕೊಡಬೇಕು.

ಅಕ್ಷರಗಳು ಸರಿಹೋದ ಮೇಲೆ ಮಕ್ಕಳು ಮತ್ತೊಂದು ಸಂಗತಿಯನ್ನು ಕಂಡುಹಿಡಿದರು. ಅಜ್ಜಿಯೊಬ್ಬರು ಚಿತ್ರದಲ್ಲಿ “ಹೊಳಿ ಬಂದಾಗ ನಮ್ಮೂರಿಗಿ ದಾರೀನೇ ಇರ್ತಿದ್ದಿಲ್ಲ” ಎನ್ನುತ್ತಾರೆ. ಬೆರಳಚ್ಚಿನವರು ಅದನ್ನು “ಪ್ರವಾಹ ಬಂದಾಗ ನಮ್ಮ ಗ್ರಾಮಕ್ಕೆ ಮಾರ್ಗವಿರುತ್ತಿರಲಿಲ್ಲ” ಎಂದು ತಿದ್ದಿದ್ದರು. ಅವರ ಉದ್ದೇಶವು ಒಳ್ಳೆಯದೇ. ಆದರೆ ಕೇಳುವ ಮಾತು ಒಂದು, ಕಾಣುವ ಬರೆಹ ಇನ್ನೊಂದು ಆಗಬಾರದು. ನಾವು ತರಗತಿಯಲ್ಲಿ ಗ್ರಂಥಭಾಷೆಯನ್ನು ಕಲಿಸುವವರು. ಪರೀಕ್ಷೆಯ ಉತ್ತರದಲ್ಲಿ ‘ಹೊಳಿ’ ಎಂದು ಬರೆದರೆ ತಿದ್ದುವವರೂ ಹೌದು. ಆದರೆ ಇಲ್ಲಿ ಮಾತು ಅಜ್ಜಿಯದು. ಅದನ್ನು ತಿದ್ದುವ ಅಧಿಕಾರವು ಯಾರಿಗೂ ಇಲ್ಲ. ಮಕ್ಕಳು ನೋಟುಬುಕ್ಕನ್ನು ಮುಂದಿಟ್ಟುಕೊಂಡು ಅಜ್ಜಿಯರ ಮಾತುಗಳನ್ನೆಲ್ಲ ಇದ್ದಂತೆ ಮತ್ತೆ ಸೇರಿಸಿದರು. ರೂಪಾಂತರದ ಮೊದಲ ನೀತಿಯನ್ನು ಅವರು ಅಂದೇ ಕಲಿತರೆಂದು ನಾವು ಭಾವಿಸಿದ್ದೇವೆ. ನೀರನ್ನು ಕೊಡದಿಂದ ತಂಬಿಗೆಗೆ ಹಾಕುವಾಗ ಪಾತ್ರೆಯು ಬದಲಾಗುವುದು, ನೀರು ಬದಲಾಗಬಾರದು.

ಇನ್ನು ಪಾತ್ರೆಗಳನ್ನು ನೋಡೋಣ. ಅಡಿಬರಹದ ಕಡತಗಳಲ್ಲಿ ಅತ್ಯಂತ ಸರಳವಾದುದೂ ಎಲ್ಲೆಡೆ ಬಳಕೆಯಲ್ಲಿರುವುದೂ ಎಸ್‌ಆರ್‌ಟಿ ಎಂಬುದು. 2000ನೆಯ ಇಸವಿಯ ಸುಮಾರಿಗೆ ಸಬ್‌ರಿಪ್ ಎಂಬ ತಂತ್ರಾಂಶದೊಂದಿಗೆ ಇದು ಪ್ರಚಾರಕ್ಕೆ ಬಂದಿತು. ಇದರ ಒಂದು ತುಣುಕು ಹೀಗಿರುವುದು:

1
00:00:05,000 --> 00:00:08,500
ಇದು ನಮ್ಮ ಊರಿನ ಪವನಾ ನದಿ.

ಮೊದಲು ಕ್ರಮಸಂಖ್ಯೆ; ಎರಡನೆಯ ಸಾಲಿನಲ್ಲಿ ಬರೆಹವು ಮೂಡುವ ಹೊತ್ತು, ಬಾಣದ ಗುರುತು, ಮರೆಯಾಗುವ ಹೊತ್ತು; ಮೂರನೆಯದು ಮಾತು; ಆಮೇಲೆ ಒಂದು ಬರಿಯ ಸಾಲು. ಹೊತ್ತಿನಲ್ಲಿ ಗಂಟೆ, ನಿಮಿಷ, ಸೆಕೆಂಡುಗಳಾದ ಮೇಲೆ ಅಲ್ಪವಿರಾಮವನ್ನಿಟ್ಟು ಸೆಕೆಂಡಿನ ಸಾವಿರದ ಭಾಗಗಳನ್ನು ಬರೆಯುವರು. ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮವೇಕೆ? ಆ ತಂತ್ರಾಂಶವು ಫ್ರಾನ್ಸಿನಲ್ಲಿ ರಚಿತವಾದುದು. ಫ್ರೆಂಚರು ದಶಮಾಂಶವನ್ನು ಹಾಗೆಯೇ ಬರೆಯುವರು. ಒಂದು ದೇಶದ ಶಾಲಾಮಕ್ಕಳ ಲೆಕ್ಕದ ರೂಢಿಯು ಜಗತ್ತಿನ ಕಡತಗಳಲ್ಲೆಲ್ಲ ಉಳಿದುಕೊಂಡಿದೆ.

ಈ ಕಡತವನ್ನು ಬರೆಯಲು ದೊಡ್ಡ ತಂತ್ರಾಂಶವೇನೂ ಬೇಡ. ಸಾಧಾರಣ ನೋಟ್‌ಪ್ಯಾಡಿನಲ್ಲಿ ಬರೆದು, ಉಳಿಸುವಾಗ ಸಂಕೇತಪದ್ಧತಿಯ ಸ್ಥಳದಲ್ಲಿ ಯುಟಿಎಫ್-8 ಎಂಬುದನ್ನು ಆರಿಸಿದರೆ ಸಾಕು. ಯುನಿಕೋಡಿನ ಸಂಖ್ಯೆಗಳನ್ನು ಕಡತದಲ್ಲಿ ಜೋಡಿಸಿಡುವ ಒಂದು ರೀತಿಗೆ ಆ ಹೆಸರು. ಅದರಲ್ಲಿ ಇಂಗ್ಲಿಷಿನ ಒಂದಕ್ಷರವು ಒಂದು ಬೈಟ್ ಸ್ಥಳವನ್ನೂ, ಕನ್ನಡದ ಒಂದೊಂದು ಚಿಹ್ನೆಯು ಮೂರು ಬೈಟ್ ಸ್ಥಳವನ್ನೂ ಹಿಡಿಯುವುದು. ‘ಕನ್ನಡ’ ಎಂಬಲ್ಲಿ ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳಿರುವುದರಿಂದ ಹದಿನೈದು ಬೈಟುಗಳಾದುವು. ಈ ಪದ್ಧತಿಯನ್ನು ಆರಿಸದೆ ಹಳೆಯ ಯೂರೋಪಿನ ಪದ್ಧತಿಯಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಮಾರ್ಪಡುವುದು. ಆಮೇಲೆ ಯಾವ ಪರಿವರ್ತಕವೂ ಅದನ್ನು ಮರಳಿ ತರಲಾರದು.

ಚಿತ್ರವನ್ನು ಜಾಲತಾಣದಲ್ಲಿ ತೋರಿಸಬೇಕೆಂದಾಗ ಎರಡನೆಯ ಪಾತ್ರೆಯು ಬೇಕಾಯಿತು. ಅದರ ಹೆಸರು ವೆಬ್‌ವಿಟಿಟಿ. 2010ರಲ್ಲಿ ಜಾಲತಾಣಗಳ ಚಿತ್ರಗಳಿಗಾಗಿ ಎಸ್‌ಆರ್‌ಟಿಯನ್ನೇ ಮಾದರಿಯಾಗಿಟ್ಟುಕೊಂಡು ಇದನ್ನು ರೂಪಿಸತೊಡಗಿದರು. ವ್ಯತ್ಯಾಸಗಳು ಕೆಲವೇ. ಕಡತದ ಮೊದಲ ಸಾಲಿನಲ್ಲಿ ಅದರ ಹೆಸರನ್ನು ಇಂಗ್ಲಿಷಿನ ಆರು ದೊಡ್ಡಕ್ಷರಗಳಲ್ಲಿ ಬರೆಯಬೇಕು. ಕಾಲದ ಸಾಲಿನಲ್ಲಿ ಅಲ್ಪವಿರಾಮದ ಬದಲು ಚುಕ್ಕೆಯಿರಬೇಕು. ಕಡತವು ಯುಟಿಎಫ್-8ರಲ್ಲಿಯೇ ಇರಬೇಕು. ಇಷ್ಟು ಸುಲಭವೆಂದ ಮೇಲೆ ಒಬ್ಬ ಚುರುಕು ಹುಡುಗನು, ಕಡತದಲ್ಲಿರುವ ಅಲ್ಪವಿರಾಮಗಳನ್ನೆಲ್ಲ ಒಂದೇ ಆಜ್ಞೆಯಿಂದ ಚುಕ್ಕೆಗಳನ್ನಾಗಿ ಮಾಡಿದನು. ಕಾಲದ ಸಾಲುಗಳೇನೋ ಸರಿಯಾದುವು; ಆದರೆ ಅಜ್ಜಿಯರು “ಕುಂತ್ಗೊಳ್ಳವ್ವ, ಹೇಳ್ತೀನಿ” ಎಂದುದು ಎರಡು ತುಂಡಾಗಿ, “ಕುಂತ್ಗೊಳ್ಳವ್ವ” ಎಂಬಲ್ಲಿಗೇ ಮಾತು ಮುಗಿದುಹೋಯಿತು. ಲೇಖನಚಿಹ್ನೆಗಳ ಪಾಠವನ್ನು ನಾವು ಇಡೀ ವರ್ಷ ಹೇಳಿದುದಕ್ಕಿಂತ ಈ ಒಂದು ಪ್ರಸಂಗವು ಚೆನ್ನಾಗಿ ಹೇಳಿತು. ಒಂದೇ ಚಿಹ್ನೆಯು ಒಂದೆಡೆ ಯಂತ್ರಕ್ಕಾಗಿ, ಇನ್ನೊಂದೆಡೆ ಮನುಷ್ಯನಿಗಾಗಿ ಇರಬಹುದು. ಬದಲಾಯಿಸುವವನಿಗೆ ಅವೆರಡರ ವಿವೇಚನೆ ಇರಬೇಕು.

ಮೂರನೆಯ ಬಗೆಯ ಕಡತಗಳಲ್ಲಿ ಗಡಿಯಾರದ ಹೊತ್ತೇ ಇರುವುದಿಲ್ಲ. ಎಷ್ಟನೆಯ ಚೌಕಟ್ಟಿನಿಂದ ಎಷ್ಟನೆಯ ಚೌಕಟ್ಟಿನವರೆಗೆ ಎಂಬ ಲೆಕ್ಕವಿರುವುದು. ಮೈಕ್ರೋಡಿವಿಡಿ ಎಂಬುದು ಇಂತಹದು. ಚಲಿಸುವ ಚಿತ್ರವೆಂದರೆ ಸ್ಥಿರಚಿತ್ರಗಳ ಸಾಲೆಂಬುದನ್ನು ನೀವು ಬಲ್ಲಿರಿ. ಚಿತ್ರಮಂದಿರದ ರೂಢಿಯಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು, ನಮ್ಮ ದೂರದರ್ಶನದ ರೂಢಿಯಲ್ಲಿ 25, ಕೈಫೋನಿನ ಚಿತ್ರಗಳಲ್ಲಿ ಹೆಚ್ಚಾಗಿ 30. ಈಗ ಒಂದು ಲೆಕ್ಕ. ಸೆಕೆಂಡಿಗೆ 25ರಂತೆ ಎಣಿಸಿ, ಒಂಬತ್ತನೆಯ ನಿಮಿಷಕ್ಕೆ ಬರಬೇಕಾದ ಮಾತನ್ನು 13,500ನೆಯ ಚೌಕಟ್ಟಿಗೆ ಗುರುತು ಮಾಡಿದ್ದಾರೆ. ಆ ಕಡತವನ್ನು ಸೆಕೆಂಡಿಗೆ 30 ಚೌಕಟ್ಟುಗಳ ಚಿತ್ರಕ್ಕೆ ಜೋಡಿಸಿದರೆ ಮಾತು ಯಾವಾಗ ಮೂಡುವುದು? 13,500ನ್ನು 30ರಿಂದ ಭಾಗಿಸಿರಿ: 450 ಸೆಕೆಂಡು, ಎಂದರೆ ಏಳೂವರೆ ನಿಮಿಷ. ಅಜ್ಜಿಯು ಬಾಯಿ ತೆರೆಯುವುದಕ್ಕೆ ಒಂದೂವರೆ ನಿಮಿಷ ಮೊದಲೇ ಅವಳ ಮಾತು ತೆರೆಯ ಮೇಲೆ ಬಂದು ಹೋಗುವುದು! ಆರಂಭದಲ್ಲಿ ಈ ತಪ್ಪು ಕಣ್ಣಿಗೆ ಬೀಳದು. ಚಿತ್ರವು ಮುಂದುವರಿದಂತೆ ಬೆಳೆಯುತ್ತ ಹೋಗುವುದು. ಆದುದರಿಂದ ಇಂತಹ ಕಡತವನ್ನು ರೂಪಾಂತರಿಸುವಾಗ ಮೂಲ ಚಿತ್ರದ ಚೌಕಟ್ಟಿನ ವೇಗವನ್ನು ತಿಳಿದುಕೊಂಡೇ ಮುಂದಡಿಯಿಡಬೇಕು.

ಇನ್ನೂ ಎರಡು ಬಗೆಗಳನ್ನು ಸಂಕ್ಷೇಪವಾಗಿ ಹೇಳುವೆವು. ಎಎಸ್‌ಎಸ್ ಎಂಬ ಕಡತದಲ್ಲಿ ಮಾತಿನೊಂದಿಗೆ ಅಕ್ಷರದ ಬಣ್ಣ, ಗಾತ್ರ, ವಿನ್ಯಾಸ, ತೆರೆಯ ಮೇಲಿನ ಸ್ಥಾನಗಳನ್ನೂ ಬರೆದಿಡಬಹುದು. ಮಕ್ಕಳು ನಿರೂಪಕಿಯ ಮಾತಿಗೆ ಬಿಳಿಯ ಬಣ್ಣವನ್ನೂ ಅಜ್ಜಿಯರ ಮಾತಿಗೆ ಹಳದಿಯನ್ನೂ ಕೊಟ್ಟು ಇದನ್ನು ಮಾಡಿನೋಡಿದರು. ಅದನ್ನು ಎಸ್‌ಆರ್‌ಟಿಗೆ ತಂದಾಗ ಬಣ್ಣವು ಉಳಿಯಲಿಲ್ಲ. ಕೊಳಗದಲ್ಲಿರುವುದನ್ನು ಸೇರಿಗೆ ಸುರಿದರೆ ಹೊರಗೆ ಚೆಲ್ಲುವುದು ಸಹಜವಲ್ಲವೆ? ಸೇರಿನಿಂದ ಮರಳಿ ಕೊಳಗಕ್ಕೆ ಸುರಿದರೆ ಚೆಲ್ಲಿದುದು ಹಿಂದಿರುಗದು. ಡಿವಿಡಿ ತಟ್ಟೆಗಳಲ್ಲಿ ಇನ್ನೊಂದು ವಿಚಿತ್ರ: ಅಲ್ಲಿ ಅಡಿಬರಹವು ಅಕ್ಷರವೇ ಅಲ್ಲ, ಅಕ್ಷರದ ಚಿತ್ರ. ಅದನ್ನು ಬರೆಹವಾಗಿಸಲು ಯಂತ್ರವೇ ಚಿತ್ರವನ್ನು ನೋಡಿ ಅಕ್ಷರವನ್ನು ಊಹಿಸಬೇಕು. ಸಬ್‌ರಿಪ್ ಹುಟ್ಟಿದುದೂ ಈ ಕೆಲಸಕ್ಕಾಗಿಯೇ. ಕನ್ನಡದಲ್ಲಿ ಪಕಾರ ವಕಾರಗಳು, ಘಕಾರ ಫಕಾರಗಳು ಮೊದಲ ತರಗತಿಯ ಮಕ್ಕಳನ್ನು ಕಾಡುವಂತೆ ಯಂತ್ರವನ್ನೂ ಕಾಡುವುವು.

ಈಗ ಬಾಲಕಿಯ ಮನೆಯ ಟಿವಿಯ ವಿಷಯಕ್ಕೆ ಬರೋಣ. ಗಣಕಯಂತ್ರದಲ್ಲಿ ಎಸ್‌ಆರ್‌ಟಿ ಕಡತವು ಸೊಗಸಾಗಿ ಕಂಡಿತು. ಅದನ್ನೂ ಚಿತ್ರವನ್ನೂ ಒಂದೇ ಹೆಸರಿನಲ್ಲಿ ಪೆನ್‌ಡ್ರೈವಿನಲ್ಲಿ ಹಾಕಿ ಬಾಲಕಿಯು ಮನೆಗೆ ಒಯ್ದಳು. ಮರುದಿನ ಬಂದು, “ಸರ್, ಬರೀ ಡಬ್ಬಿ ಡಬ್ಬಿ ಕಾಣ್ತಾವ್ರೀ” ಎಂದಳು. ಆ ಟಿವಿಯಲ್ಲಿ ಕನ್ನಡದ ಅಕ್ಷರವಿನ್ಯಾಸವೇ ಇರಲಿಲ್ಲ. ಅಕ್ಷರದ ಸಂಖ್ಯೆಯು ತಲಪಿತು. ಆದರೆ ಬರೆಯಲು ಅದರ ಬಳಿ ಅಚ್ಚು ಇರಲಿಲ್ಲವಾಗಿ ಒಂದೊಂದು ಸಂಖ್ಯೆಗೆ ಒಂದೊಂದು ಚೌಕವನ್ನು ಬರೆದು ಕೈತೊಳೆದುಕೊಂಡಿತು. ಅಕ್ಷರವಿನ್ಯಾಸವಿದ್ದರೂ ಒತ್ತಕ್ಷರಗಳನ್ನು ಅಕ್ಷರದ ಕೆಳಗೆ ಜೋಡಿಸುವ ಜಾಣ್ಮೆಯಿಲ್ಲದ ಯಂತ್ರಗಳೂ ಉಂಟು. ಅವು ಒತ್ತನ್ನು ಬಿಡಿಸಿ ಪಕ್ಕದಲ್ಲಿ ನಿಲ್ಲಿಸುವುವು.

ಇದಕ್ಕೆ ಉಳಿದುದು ಒಂದೇ ಉಪಾಯ: ಅಕ್ಷರಗಳನ್ನು ಚಿತ್ರದ ಮೈಮೇಲೆಯೇ ಅಚ್ಚೊತ್ತಿಬಿಡುವುದು. ಹೀಗೆ ಮಾಡಿದರೆ ಯಾವ ಟಿವಿಯೂ ಅಕ್ಷರವನ್ನು ಬಲ್ಲುದಾಗಿರಬೇಕಿಲ್ಲ. ಚಿತ್ರವನ್ನು ತೋರಿಸಿದರೆ ಸಾಕು. ಆದರೆ ಅಚ್ಚೊತ್ತಿದ ಬರೆಹವನ್ನು ಅಳಿಸಲಾಗದು, ತಿದ್ದಲಾಗದು, ಮರಾಠಿಗೆ ಬದಲಾಯಿಸಲಾಗದು. ಆದುದರಿಂದ ಬೇರೆಯಾಗಿರುವ ಕಡತವನ್ನು ಮೂಲವಾಗಿ ಕಾಯ್ದಿರಿಸಿ, ಅಚ್ಚೊತ್ತಿದ ಪ್ರತಿಯೊಂದನ್ನು ಪ್ರತ್ಯೇಕವಾಗಿ ತಯಾರಿಸಿದೆವು. ಆ ವಾರದ ರಜೆಯ ದಿನ ಬಾಲಕಿಯ ತಂದೆಯವರು ಮನೆಯಲ್ಲಿ ಚಿತ್ರವನ್ನು ಎರಡು ಸಲ ನೋಡಿದರಂತೆ. ಪಾಲಕರ ಸಭೆಗೆ ಬಂದಾಗ ನಮ್ಮ ಬಳಿಗೆ ಬಂದು, “ಇಷ್ಟ್ ದಿನ ಮಗಳು ಏನ್ ಮಾತಾಡ್ತಾಳ ಅಂತ ತುಟಿ ನೋಡಿ ತಿಳ್ಕೊಂತಿದ್ದೆ ಸರ್. ಈ ಸಲ ಓದಿ ತಿಳ್ಕೊಂಡೆ” ಎಂದರು. ಒಂದೆರಡು ಕಡೆ ಬರೆಹವು ಬೇಗ ಮರೆಯಾಗುವುದೆಂದೂ ಹೇಳಿದರು. ನಿಧಾನವಾಗಿ ಓದುವವರ ಕಣ್ಣಿಗೆ ಎಷ್ಟು ಹೊತ್ತು ಬೇಕೆಂಬುದನ್ನು ನಮಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಮಕ್ಕಳು ಮೂಲ ಕಡತದಲ್ಲಿ ಆ ಸಾಲುಗಳ ಹೊತ್ತನ್ನು ಹೆಚ್ಚಿಸಿ, ಚಿತ್ರವನ್ನು ಮತ್ತೊಮ್ಮೆ ಅಚ್ಚೊತ್ತಿ ಕೊಟ್ಟರು. ಮೂಲವನ್ನು ಕಾಯ್ದಿರಿಸಿದ ಪ್ರಯೋಜನವು ಆಗಲೇ ಕಂಡುಬಂದಿತು.

ಇಂತಹ ಓದುಗರು ನಮ್ಮ ದೇಶದಲ್ಲಿ ಬಹಳ ಮಂದಿ. ಶಾಲೆಯನ್ನು ಬೇಗ ಬಿಟ್ಟು ಓದನ್ನು ಅರ್ಧ ಮರೆತವರಿಗೆ, ಹಾಡಿನ ಮಾತನ್ನೇ ಅದೇ ಭಾಷೆಯಲ್ಲಿ ಅಡಿಬರಹವಾಗಿ ತೋರಿಸಿದರೆ ಓದು ಮರುಕಳಿಸುವುದೆಂಬ ವಿಚಾರವನ್ನು ಅಹಮದಾಬಾದಿನ ಐಐಎಂ ಸಂಸ್ಥೆಯಲ್ಲಿ 1996ರಲ್ಲಿ ಬ್ರಿಜ್ ಕೊಠಾರಿಯವರು ಮುಂದಿಟ್ಟರು. ತರುವಾಯ ದೂರದರ್ಶನದ ಚಿತ್ರಗೀತೆಗಳ ಕಾರ್ಯಕ್ರಮಗಳಲ್ಲಿ ಅದು ಆಚರಣೆಗೆ ಬಂದಿತು. ಕಿವಿ ಕೇಳದವರ ವಿಷಯದಲ್ಲಿಯೂ 2016ರ ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾನೂನು ದೃಶ್ಯಮಾಧ್ಯಮಗಳಲ್ಲಿ ಅಡಿಬರಹವಿರಬೇಕೆಂದು ಹೇಳುವುದು. ಅಡಿಬರಹವು ದಯೆಯಿಂದ ಕೊಡುವ ಭಿಕ್ಷೆಯಲ್ಲ, ನೋಡುವವನ ಹಕ್ಕು ಎಂಬುದು ಇದರ ತಾತ್ಪರ್ಯ.

“ಇದೆಲ್ಲ ಇಂಗ್ಲಿಷ್ ಶಾಲೆಯ ಮಕ್ಕಳು ಮಾಡುವ ಕೆಲಸ” ಎಂದು ನಿಮ್ಮಲ್ಲಿ ಕೆಲವರು ಹೇಳುವುದನ್ನು ನಾವು ಕೇಳಿದ್ದೇವೆ. ನಾವೂ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿಯೇ ಓದಿದವರು. ಈ ಕೆಲಸವನ್ನು ಕಲಿಯಲು ಅದು ಅಡ್ಡಿಯಾಗಲಿಲ್ಲ. ಡೆನ್ಮಾರ್ಕಿನವರೊಬ್ಬರು ರಚಿಸಿದ ಸಬ್‌ಟೈಟಲ್ ಎಡಿಟ್ ಎಂಬ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವುದು. ಮುನ್ನೂರಕ್ಕೂ ಮಿಕ್ಕ ಬಗೆಯ ಕಡತಗಳನ್ನು ಅದು ಬಲ್ಲುದು. ಚಿತ್ರವನ್ನು ನೋಡಲು ಪ್ಯಾರಿಸಿನ ವಿದ್ಯಾರ್ಥಿಗಳು ಆರಂಭಿಸಿದ ವಿಎಲ್‌ಸಿ ಇದೆ. ರಸ್ತೆಯಲ್ಲಿಡುವ ಕಿತ್ತಳೆ ಬಣ್ಣದ ಶಂಕುವಿನ ಗುರುತಿನದು. ಅದೂ ಉಚಿತ. ಬೇಕಾದುದು ತಾಳ್ಮೆ, ಸ್ವಲ್ಪ ಲೆಕ್ಕ, ಒಳ್ಳೆಯ ಕನ್ನಡ. ಈ ಮೂರನ್ನೂ ಶಾಲೆಯು ನಿಮಗೆ ಕೊಡುತ್ತಿದೆ.

ರೂಪಾಂತರ ಮಾಡುವವರು ಪಾಲಿಸತಕ್ಕ ನಿಯಮಗಳನ್ನು ಹೇಳಿ ಮುಗಿಸುವೆವು. ಮೂಲ ಕಡತವನ್ನು ಎಂದಿಗೂ ಅಳಿಸಬೇಡಿರಿ. ಅದರ ಪ್ರತಿಯ ಮೇಲೆಯೇ ಕೆಲಸ ಮಾಡಿರಿ. ರೂಪಾಂತರವಾದ ಮೇಲೆ ಆರಂಭದ, ನಡುವಿನ, ಕೊನೆಯ ಮಾತುಗಳನ್ನು ಚಿತ್ರದೊಂದಿಗೆ ಹೊಂದಿಸಿ ನೋಡಿರಿ. ಮೂರೂ ಹೊತ್ತಿಗೆ ಸರಿಯಾಗಿ ಬಂದರೆ ಉಳಿದುವೂ ಬಹುಮಟ್ಟಿಗೆ ಸರಿಯಿರುವುವು. ಅರ್ಕಾವೊತ್ತು, ಒತ್ತಕ್ಷರಗಳಿರುವ ಶಬ್ದಗಳನ್ನು ಒಂದೊಂದಾಗಿ ಓದಿರಿ. ಸಾಲುಗಳು ಎರಡಕ್ಕೆ ಮೀರದಿರಲಿ. ಮಾತನಾಡಿದವರ ಮಾತನ್ನು ತಿದ್ದಬೇಡಿರಿ. ಎಲ್ಲಕ್ಕೂ ಕೊನೆಯದಾಗಿ, ನಿಮ್ಮ ಯಂತ್ರದಲ್ಲಿ ಕಂಡಿತೆಂದು ತೃಪ್ತರಾಗದೆ, ಯಾರಿಗಾಗಿ ಬರೆದಿರೋ ಅವರ ಯಂತ್ರದಲ್ಲಿ ಕಂಡಿತೆ ಎಂದು ಹೋಗಿ ನೋಡಿರಿ.

ಬರುವ ಬೇಸಗೆಯ ರಜೆಯಲ್ಲಿ ನಿಮ್ಮಲ್ಲಿ ಹಲವರು ಊರಿಗೆ ಹೋಗುವಿರಿ. ಅಜ್ಜ ಅಜ್ಜಿಯರು ಹೇಳುವ ಕಥೆಯನ್ನೋ ಹಂತಿಯ ಹಾಡನ್ನೋ ಐದು ನಿಮಿಷ ಚಿತ್ರೀಕರಿಸಿಕೊಂಡು ಬನ್ನಿರಿ. ಅದರ ಮಾತನ್ನು ಇದ್ದಂತೆ ಕನ್ನಡದಲ್ಲಿ ಬರೆದುಕೊಳ್ಳಿರಿ. ಅದನ್ನು ಯಾವ ಪಾತ್ರೆಗೆ ಹಾಕಬೇಕೆಂಬುದನ್ನು ಶಾಲೆ ತೆರೆದ ಮೇಲೆ ಕೂಡಿ ಯೋಚಿಸೋಣ. ಪಾತ್ರೆಗಳು ಕಾಲಕಾಲಕ್ಕೆ ಬದಲಾಗುವುವು. ಇಂದಿನ ಕಡತದ ಹೆಸರು ಇನ್ನಿಪ್ಪತ್ತು ವರ್ಷಗಳಲ್ಲಿ ಮರೆತುಹೋಗಲೂಬಹುದು. ಮಾತನ್ನು ಸರಿಯಾಗಿ ಬರೆದಿಟ್ಟವರ ಮಕ್ಕಳು ಅದನ್ನು ಹೊಸ ಪಾತ್ರೆಗೆ ತುಂಬಿಕೊಳ್ಳುವರು; ಬರೆದಿಡದವರ ಮಕ್ಕಳಿಗೆ ತುಂಬಿಕೊಳ್ಳಲು ಏನೂ ಇರಲಾರದು.